ನೀರು ಕಾಣದ ತಿರುವು

ಜೂನ್ ಎರಡು, ಬೆಳಿಗ್ಗೆ ಎಂಟೂ ಹತ್ತು. ಉದ್ಯಾನದ ಮೇಸ್ತ್ರಿ ಏದುಸಿರು ಬಿಡುತ್ತಾ ಠಾಣೆಗೆ ಬಂದು ದೂರು ಕೊಟ್ಟ. ಗುಡ್ಡದ ಜಲ್ಲಿ ದಾರಿಯನ್ನು ತಿರುವಿನಲ್ಲಿ ಯಾರೋ ಅಗೆದಿದ್ದಾರೆ. ವಾಕಿಂಗ್‌ಗೆ ಬಂದ ಮೇಷ್ಟ್ರೊಬ್ಬರು ಗುಂಡಿಗೆ ಬಿದ್ದು ಕಾಲು ಮುರಿದುಕೊಂಡಿದ್ದಾರೆ. ಎಫ್‌ಐಆರ್ ದಾಖಲಾಯಿತು.

ಒಂಬತ್ತೂವರೆಗೆ ಸ್ಥಳ ಪಂಚನಾಮೆ. ಕಿಡಿಗೇಡಿಗಳ ಕೆಲಸವೆಂದೇ ಇನ್‌ಸ್ಪೆಕ್ಟರ್ ಅಂದುಕೊಂಡಿದ್ದರು. ನೋಡಿದರೆ ಗುಂಡಿಯ ಅಂಚು ನೂಲು ಹಿಡಿದಂತೆ ನೇರ. ಪಕ್ಕದಲ್ಲಿ ಜರಡಿ ಹಿಡಿದ ಜಲ್ಲಿ ಬೇರೆ, ಕಲ್ಲುಪುಡಿ ಬೇರೆ. ಗುಂಡಿಯ ಆಚೆ ಎರಡು ಮಾರು ದಾರಿಯನ್ನು ಹೊಸದಾಗಿ ಬಡಿದು ಕೂರಿಸಲಾಗಿತ್ತು.

"ಸಾರ್, ಕಂಟ್ರಾಕ್ಟರ್‌ಗಿಂತ ಈ ಕಳ್ಳನೇ ವಾಸಿ," ಎಂದ ಕಾನ್‌ಸ್ಟೇಬಲ್.

ಇನ್‌ಸ್ಪೆಕ್ಟರ್ ಒಂದು ಕೊಡ ನೀರು ತರಿಸಿ ಸುರಿಸಿದರು. ಹೊಸ ಭಾಗ ಜಪ್ಪಯ್ಯ ಅನ್ನಲಿಲ್ಲ. ಹಳೆಯ ಭಾಗದಲ್ಲಿ ಪುಡಿಯೆಲ್ಲ ಕೊಚ್ಚಿಹೋಗಿ, ಉಳಿದ ಜಲ್ಲಿ ಕಾಲಡಿ ಗೋಲಿಯಂತೆ ಉರುಳಿತು.

"ಹಿಂಗ್ಯಾಕೆ?"

"ಒಣಗಿದ್ದಾಗಲೇ ರೋಲರ್ ಓಡಿಸಿದಾರೆ ಸಾರ್," ಎಂದ ಮೇಸ್ತ್ರಿ. "ನೀರು ಹಾಕಿ ಉರುಳಿಸಿದ್ರೆ ಪುಡಿ ಜಲ್ಲೀನ ಕಚ್ಕೊಳ್ಳುತ್ತೆ. ಇಲ್ದಿದ್ರೆ ಬೇಸಿಗೇಲಿ ಗಟ್ಟಿ, ಮೊದಲ್ನೇ ಮಳೆಗೆ ಬಣ್ಣ ಬಯಲು."

"ಇಲ್ಲಿ ಮುಂಚೆ ಯಾರಾದ್ರೂ ಬಿದ್ದಿದ್ರಾ?"

ಮೇಸ್ತ್ರಿ ತಲೆ ತಗ್ಗಿಸಿದ. "ಹೋದ ಮಳೆಗಾಲ. ನಮ್ಮ ರೋಲರಣ್ಣನ ಹೆಂಡ್ತಿ. ತಲೆಗೆ ಪೆಟ್ಟಾಗಿ ಅಲ್ಲೇ ಹೋಗ್ಬಿಟ್ರು."

"ಈ ತಿರುವಿಗೆ ರೋಲರ್ ಓಡಿಸಿದ್ದು?"

"ಅಣ್ಣನೇ."

ಹನ್ನೊಂದೂವರೆಗೆ ರೋಲರಣ್ಣನ ಹಿತ್ತಲಲ್ಲಿ ಜರಡಿ, ಹಾರೆ, ಎರಡು ನೀರಿನ ಕ್ಯಾನು ಸಿಕ್ಕವು. ಆತ ಏನನ್ನೂ ಮುಚ್ಚಿಡಲಿಲ್ಲ.

"ಮೇಷ್ಟ್ರು ಎದ್ದು ಓಡಾಡ್ತಾರಾ ಸಾರ್?"

"ಮೂರು ತಿಂಗಳು ಬೇಕಂತೆ. ಗುಂಡಿ ಹಂಗೇ ಯಾಕೆ ಬಿಟ್ರಿ?"

"ಬೆಳಗಿನ ಜಾವ ನೀರು ಮುಗೀತು. ಈ ಸಲ ಒಣಗಿದ್ದಾಗ ಬಡೀಬಾರದು ಅಂತ ತರೋಕೆ ಹೋದೆ. ಬರೋಷ್ಟರಲ್ಲಿ ಜನ ಸೇರಿದ್ರು."

"ಮೇಸ್ತ್ರಿಗೆ ಹೇಳಬಹುದಿತ್ತಲ್ಲ?"

"ಅಮ್ಮ ಕಾಲು ಜಾರಿ ಬಿದ್ಲು ಅಂತ ಮಗಳು ನಂಬಿದಾಳೆ. ನಾನು ಮಾಡಿದ ಕೆಲಸ ಅಂತ ಯಾವ ಬಾಯಲ್ಲಿ ಹೇಳ್ಲಿ? ಮಳೆ ಶುರುವಾಗೋದ್ರೊಳಗೆ ಸರಿ ಮಾಡಿಬಿಟ್ರೆ ಇನ್ಯಾರೂ ಬೀಳಲ್ಲ ಅಂದ್ಕೊಂಡೆ."

ಹನ್ನೆರಡೂ ಇಪ್ಪತ್ತಕ್ಕೆ ಆತನನ್ನು ಬಂಧಿಸಲಾಯಿತು. ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳುವಾಗ ಇನ್‌ಸ್ಪೆಕ್ಟರ್ ಕೇಳಿದರು: "ಆ ತಿರುವಿಗೆ ರೋಲರ್ ಓಡಿಸಿದ ದಿನ ನೀರಿನ ಟ್ಯಾಂಕರ್ ಬರಲಿಲ್ವಾ?"

"ತಡ ಆಗುತ್ತೆ ಅಂದ್ರು. ಕಾಯಬೇಕಿತ್ತು. ನನ್ನ ಹೆಂಡ್ತಿ ಫೋನ್ ಮಾಡಿ, ಒಂದು ದಿನನಾದ್ರೂ ಬೆಳಕಿರೋವಾಗ ಮನೆಗೆ ಬನ್ನಿ, ನೀವು ಮಾಡಿದ ದಾರೀಲೇ ಒಂದು ಸುತ್ತು ಹೋಗೋಣ ಅಂದ್ಲು. ಒಣಗಿದ್ದಕ್ಕೇ ರೋಲರ್ ಓಡಿಸಿ ಮನೆಗೆ ಬಂದೆ. ಹೋದ್ವಿ ಸಾರ್. ಎಷ್ಟು ನುಣ್ಣಗಿದೆ ಅಂತ ಚಪ್ಪಲಿ ಬಿಟ್ಟು ನಡೆದ್ಲು."

ಇನ್‌ಸ್ಪೆಕ್ಟರ್ ಅದನ್ನೂ ಹೇಳಿಕೆಯಲ್ಲಿ ಬರೆದುಕೊಂಡು, ಓದಿ ಹೇಳಿ, ಸಹಿ ಹಾಕಿಸಿಕೊಂಡರು.