ಹೊಳೆಯಾಚೆಯ ಕರಡಿಗಳು

ಹಿಂದೆ, ಬಹಳ ಹಿಂದೆ, ಖರ್ಜೂರದ ಮರಗಳೂ ಆಲಿವ್ ತೋಪುಗಳೂ ಎದುರುಬದುರಾಗಿ ನಿಂತಿದ್ದ ದೂರದ ನಾಡಿನಲ್ಲಿ ಸಾಫಿರಾ ಎಂಬ ರಾಜ್ಯವಿತ್ತು. ರಾಜಧಾನಿಯ ನಡುವೆ ಹೊಳೆ ಹರಿಯುತ್ತಿತ್ತು. ಪಡುವಣ ದಡದಲ್ಲಿ ಕ್ರೈಸ್ತರ ಮನೆಗಳು, ಮೂಡಣ ದಡದಲ್ಲಿ ಮುಸಲ್ಮಾನರ ಮನೆಗಳು, ಎರಡನ್ನೂ ಕೂಡಿಸುವ ಏಳು ಕಮಾನಿನ ಒಂದು ಸೇತುವೆ. ಮಸೀದಿಯ ಬೆಳಗಿನ ಬಾಂಗು ಕೇಳಿ ಕ್ರೈಸ್ತ ರೊಟ್ಟಿಯವನು ಒಲೆ ಹೊತ್ತಿಸುತ್ತಿದ್ದ. ಇಗರ್ಜಿಯ ಸಂಜೆಗಂಟೆ ಕೇಳಿ ಮುಸಲ್ಮಾನ ಕುರುಬ ಕುರಿಗಳನ್ನು ಮನೆಗೆ ತಿರುಗಿಸುತ್ತಿದ್ದ. ಇದೊಂದು ದೊಡ್ಡ ವಿಷಯವೆಂದು ಆಗ ಯಾರಿಗೂ ಅನ್ನಿಸಿರಲಿಲ್ಲ.

ಮೂಡಣ ದಡದಲ್ಲಿ ಕುದುರೆಯ ಜೀನು ಹೊಲಿಯುವವನೊಬ್ಬನಿದ್ದ. ಅವನ ಹೆಂಡತಿ ಗಂಡುಮಗು ಹೆತ್ತು ಕಣ್ಣುಮುಚ್ಚಿದಳು. ಅವನು ಮಗುವನ್ನು ಕಂಬಳಿಯಲ್ಲಿ ಸುತ್ತಿಕೊಂಡು ಸೇತುವೆ ದಾಟಿ ಸಾಬೂನು ಕಾಯಿಸುವವರ ಮನೆಯ ಬಾಗಿಲು ತಟ್ಟಿದ. ಆ ಮನೆಯ ಸೊಸೆ ವರ್ದಾ ಹತ್ತು ದಿನದ ಬಾಣಂತಿ.

"ತಾಯಿ, ಇದಕ್ಕೊಂದು ಗುಟುಕು ಹಾಲು ಕೊಡಿ," ಎಂದ.

"ಒಂದು ಗುಟುಕಿಗೆ ಮಗು ಬದುಕುತ್ತದೆಯೇನಣ್ಣ? ಇಲ್ಲೇ ಬಿಟ್ಟು ಹೋಗಿ. ಹಲ್ಲು ಬಂದಮೇಲೆ ಕರೆದುಕೊಂಡು ಹೋದರಾಯಿತು," ಎಂದಳು ವರ್ದಾ.

ಹಲ್ಲು ಬಂತು, ಬಂದ ಹಲ್ಲು ಬಿದ್ದೂ ಹೋಯಿತು. ಮಗು ತಂದೆಯ ಮನೆಗೆ ಹೋದದ್ದು ಏಳು ವರ್ಷವಾದ ಮೇಲೆ. ಅವನ ಹೆಸರು ನುಸೈರ್. ಅವನ ಜೊತೆ ಅದೇ ಎದೆಯ ಹಾಲು ಕುಡಿದ ವರ್ದಾಳ ಮಗನ ಹೆಸರು ಬುತ್ರುಸ್. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡರು, ಒಂದೇ ಕತ್ತೆಯಿಂದ ಬಿದ್ದರು, ವರ್ದಾಳ ಕೈಯಲ್ಲಿ ಸಮಸಮವಾಗಿ ಬೈಸಿಕೊಂಡರು.

ಅವರಿಗೆ ಹದಿನೇಳು ತುಂಬಿದ ವರ್ಷ ಸಾಫಿರಾದ ರಾಜ ಮಕ್ಕಳಿಲ್ಲದೆ ಸತ್ತ. ಕಡಲಾಚೆಯಿಂದ ಶಿಲುಬೆಯ ಬಾವುಟ ಹಿಡಿದು ಒಬ್ಬ ದೊರೆ ಬಂದ. ಮರುಭೂಮಿಯಾಚೆಯಿಂದ ಅರ್ಧಚಂದ್ರದ ಬಾವುಟ ಹಿಡಿದು ಒಬ್ಬ ಸುಲ್ತಾನ ಬಂದ. "ಈ ಊರು ನಮ್ಮ ದೇವರದು" ಎಂದು ಅವನೂ ಹೇಳಿದ, ಇವನೂ ಹೇಳಿದ. ಸೇತುವೆ ಮುರಿಯಿತು. ಪಡುವಣದ ಹುಡುಗರು ದೊರೆಯ ಸೈನ್ಯಕ್ಕೆ ಸೇರಿದರು, ಮೂಡಣದವರು ಸುಲ್ತಾನನ ಸೈನ್ಯಕ್ಕೆ.

ಆದರೂ ಯುದ್ಧ ಏಳಲಿಲ್ಲ. ಎದುರು ದಡದಲ್ಲಿ ಗುರುತಿನ ಮುಖ ಕಂಡರೆ ಬಿಲ್ಲು ತಾನಾಗಿಯೇ ತಗ್ಗುತ್ತಿತ್ತು. ಆಗ ಗಲ್ಮೂಷನೆಂಬ ಮಾಂತ್ರಿಕ ಬಂದ. ಅವನಿಗೆ ಮುನ್ನೂರು ವರ್ಷ. ದ್ವೇಷ ತುಂಬಿಕೊಂಡು ಒಬ್ಬ ಸತ್ತರೆ ಗಲ್ಮೂಷನ ಆಯುಸ್ಸಿಗೆ ಒಂದು ದಿನ ಕೂಡುತ್ತಿತ್ತು. ಅವನು ಹೊಳೆಯ ನಡುಗಡ್ಡೆಯ ಗೋಪುರ ಹತ್ತಿ ಕರಿಬತ್ತಿಯ ದೀಪವೊಂದನ್ನು ಹಚ್ಚಿದ. ಅದರ ಹೊಗೆ ಎರಡೂ ದಡಕ್ಕೆ ಹಬ್ಬಿತು. ಅಂದಿನಿಂದ ಪಡುವಣದವರ ಕಣ್ಣಿಗೆ ಮೂಡಣದ ಜನ ತೋಳಗಳಾಗಿ ಕಂಡರು. ಮೂಡಣದವರ ಕಣ್ಣಿಗೆ ಪಡುವಣದ ಜನ ಕರಡಿಗಳಾಗಿ ಕಂಡರು. ಮಾತಾಡಿದರೆ ಅತ್ತ ಊಳು, ಇತ್ತ ಗುರುಗುಟ್ಟುವ ಸದ್ದು ಕೇಳಿಸುತ್ತಿತ್ತು. ಬೇಟೆ ಶುರುವಾಯಿತು. ಮೂರು ವರ್ಷ ನಡೆಯಿತು.

ಒಂದು ಬೆಳಿಗ್ಗೆ ನುಸೈರ್ ಬಿಲ್ಲು ಹಿಡಿದು ಕಾವಲಿದ್ದ. ಆಚೆ ದಡಕ್ಕೆ ಒಂದು ಕರಡಿ ಕೊಡ ಹೊತ್ತು ಬಂತು. ನುಸೈರ್ ಬಾಣ ಹೂಡಿದ. ಕರಡಿ ಕೊಡ ತುಂಬಿಸಿತು. ಎತ್ತುವ ಮೊದಲು ಒಂದು ಬೊಗಸೆ ನೀರನ್ನು ತಿರುಗಿ ಹೊಳೆಗೆ ಸುರಿಯಿತು. ಆಮೇಲೆ ಸೊಂಟಕ್ಕೆ ಕೈಕೊಟ್ಟು ಎದ್ದಿತು.

ನುಸೈರ್ ಬಿಲ್ಲು ತಗ್ಗಿಸಿದ. 'ಹೊಳೆಯ ಪಾಲು ಹೊಳೆಗೆ' ಎಂದು ದಿನಾ ಬೆಳಿಗ್ಗೆ ಹಾಗೆ ಬೊಗಸೆ ನೀರು ಬಿಡುತ್ತಿದ್ದವಳು ಊರಿಗೆಲ್ಲ ವರ್ದಾ ಒಬ್ಬಳೇ.

"ಅಮ್ಮಾ!" ಎಂದು ಕೂಗಿದ. ಕರಡಿ ಬೆಚ್ಚಿ ನೋಡಿ, ಕೊಡ ಬಿಟ್ಟು ಓಡಿತು. ಅದಕ್ಕೆ ಕೇಳಿಸಿದ್ದು ತೋಳದ ಊಳು.

ನುಸೈರ್ ಅಲ್ಲೇ ಕುಸಿದು ಕೂತ. ಮೂರು ವರ್ಷದಲ್ಲಿ ತಾನು ಬಿಟ್ಟ ಬಾಣಗಳು ಒಂದೊಂದಾಗಿ ನೆನಪಾದವು. ತಲೆಯೆತ್ತಿದರೆ ಗೋಪುರದ ಹೊಗೆ ಕಂಡಿತು. ಆ ದೀಪ ಹತ್ತಿದ ದಿನವೇ ತಾನೆ ಊರಿಗೆ ಕರಡಿಗಳು ಬಂದದ್ದು? ಬಿಲ್ಲನ್ನು ದಡದಲ್ಲೇ ಬಿಟ್ಟು ಹೊಳೆಗೆ ಹಾರಿದ. ಈಜಿ ನಡುಗಡ್ಡೆ ಸೇರಿದ.

ಗೋಪುರದ ಮೊದಲ ಬಾಗಿಲಲ್ಲಿ ಕಂಚಿನ ಸಿಂಹ ಮಲಗಿತ್ತು. ಸುತ್ತ ಎರಡೂ ಸೈನ್ಯದ ಶಿರಸ್ತ್ರಾಣಗಳು, ಒಳಗೆ ಬರೀ ಮೂಳೆ.

"ಕಬ್ಬಿಣ ತಂದವರನ್ನು ತಿನ್ನುತ್ತೇನೆ," ಎಂದಿತು ಸಿಂಹ. "ಸೊಂಟದಲ್ಲಿ ಏನದು?"

"ಚರ್ಮ ಕೊಯ್ಯುವ ಉಳಿ. ಅಪ್ಪನದು. ಅವರು ಜ್ವರ ಬಂದು ಹೋದರು. ನನ್ನ ಹತ್ತಿರ ಅವರದೆಂದು ಉಳಿದಿರುವುದು ಇದೊಂದೇ."

"ಕಬ್ಬಿಣ ಹೌದೋ ಅಲ್ಲವೋ?"

ನುಸೈರ್ ಉಳಿಯನ್ನು ಒಮ್ಮೆ ಕಣ್ಣಿಗೊತ್ತಿಕೊಂಡು ಹೊಳೆಗೆ ಎಸೆದ. ಸಿಂಹ ಪಕ್ಕಕ್ಕೆ ಸರಿಯಿತು.

ಎರಡನೆಯ ಬಾಗಿಲು ತೆರೆದರೆ ಅಲ್ಲಿ ಅವನ ಊರೇ ಇತ್ತು! ಏಳು ಕಮಾನಿನ ಸೇತುವೆ, ಒಲೆಯಿಂದ ಆಗತಾನೆ ತೆಗೆದ ರೊಟ್ಟಿಯ ವಾಸನೆ, ಅಂಗಳದಲ್ಲಿ ಒಣಗಲು ಪೇರಿಸಿದ ಸಾಬೂನಿನ ಬಿಲ್ಲೆಗಳು. ಅಪ್ಪ ಜಗುಲಿಯಲ್ಲಿ ಕೂತು ಜೀನು ಹೊಲಿಯುತ್ತಿದ್ದ. ವರ್ದಾ ನಗುತ್ತ ತಟ್ಟೆ ಹಾಕಿದಳು.

"ಬಾ ಮಗನೇ, ಕೂತುಕೋ. ಇನ್ನೆಲ್ಲಿಗೂ ಹೋಗಬೇಡ."

ನುಸೈರ್ ಕೂತ. ಕಣ್ಣೀರು ಸುರಿಯುತ್ತಲೇ ಇತ್ತು. ಎಷ್ಟು ಹೊತ್ತು ಕೂತನೋ ಅವನಿಗೇ ತಿಳಿಯದು. ಅಂಗಳದ ಸುತ್ತ ಮನುಷ್ಯರ ಎತ್ತರದ ಮರಗಳು ನಿಂತಿದ್ದವು. ಮೊದಲು ಬಂದು ಏಳಲಾರದೆ ಹೋದವರೇ ಹಾಗೆ ಬೇರುಬಿಟ್ಟಿದ್ದರು. ಅವನ ಹೆಬ್ಬೆರಳಿನಿಂದಲೂ ಬೇರಿನ ಎಳೆಯೊಂದು ನೆಲಕ್ಕಿಳಿಯಿತು. ಆಗ ಪಕ್ಕದ ನೀರಿನ ಕೊಡ ಕೈ ತಗಲಿ ಉರುಳಿ, ಸಾಬೂನಿನ ಸಾಲೆಲ್ಲ ನೆನೆಯಿತು.

ವರ್ದಾ ನಗುತ್ತಲೇ ಇದ್ದಳು.

"ಬೈಯುವುದಿಲ್ಲವೇನಮ್ಮ?" ಎಂದ ನುಸೈರ್.

"ನಿನ್ನನ್ನು ಯಾಕೆ ಬೈಯಲಿ, ಬಂಗಾರ?"

ವಾರದ ದುಡಿಮೆ ನೆನೆದುಹೋದರೆ ನಮ್ಮಮ್ಮ ಓಣಿ ಹಾರಿಹೋಗುವಂತೆ ಕೂಗುತ್ತಿದ್ದಳು ಎಂದುಕೊಂಡ. ಇವಳು ಅವಳಲ್ಲ. ಅವಳು ಆಚೆ ದಡದಲ್ಲಿ ಕೊಡವಿಲ್ಲದೆ ಓಡುತ್ತಿದ್ದಾಳೆ. ನೋವಾದರೂ ಬೇರು ಕಿತ್ತುಕೊಂಡು ಎದ್ದ. ಜಗುಲಿಯ ಮೇಲಿದ್ದ ಅಪ್ಪನ ಕಡೆ ಮಾತ್ರ ತಿರುಗಿ ನೋಡಲಿಲ್ಲ. ನೋಡಿದ್ದರೆ ಹೋಗಲು ಆಗುತ್ತಿರಲಿಲ್ಲ.

ಇದನ್ನು ಕಂಡ ಗಲ್ಮೂಷ ಕಿಟಕಿಯಿಂದ ಪಡುವಣಕ್ಕೆ ಕೂಗು ಹಾಕಿದ: "ಬುತ್ರುಸ್! ಗೋಪುರಕ್ಕೆ ತೋಳವೊಂದು ಹತ್ತಿದೆ. ನಿನ್ನ ಈಟಿ ತಾ!" ಒಂದೇ ಹಾಲು ಕುಡಿದವನು ಒಂದೇ ಹಾಲು ಕುಡಿದವನನ್ನು ಕೊಂದರೆ ಮಾಂತ್ರಿಕನಿಗೆ ನೂರು ವರ್ಷ ಕೂಡುತ್ತಿತ್ತು. ಬುತ್ರುಸ್ ದೋಣಿಯೇರಿ ಬಂದ. ಮಾಂತ್ರಿಕ ಅವನನ್ನು ಹಿಂಬಾಗಿಲಿನಿಂದ ಮೇಲಕ್ಕೆ ಕರೆದುಕೊಂಡ.

ನುಸೈರ್ ಮೂರನೆಯ ಬಾಗಿಲು ತಳ್ಳಿದ. ಒಳಗೆ ಕರಿದೀಪ. ಅದರ ಮುಂದೆ ಈಟಿ ಹಿಡಿದ ದೊಡ್ಡ ಕರಡಿ.

"ಅಗೋ, ನಿನ್ನ ಶತ್ರು!" ಎಂದು ಗಲ್ಮೂಷ ನುಸೈರನ ಕಾಲ ಬಳಿ ಕತ್ತಿಯೊಂದನ್ನು ಎಸೆದ. "ಅದನ್ನು ಕೊಂದರೆ ದೀಪ ಆರುತ್ತದೆ."

ನುಸೈರ್ ಕತ್ತಿ ಮುಟ್ಟಲಿಲ್ಲ. "ಇದು ಯಾರ ಮಗನೋ ನನಗೆ ಗೊತ್ತಿಲ್ಲ. ಯಾರೋ ತಾಯಿಯ ಮಗನೆಂಬುದು ಗೊತ್ತು," ಎಂದು ನೆಲದ ಮೇಲೆ ಕೂತ.

ಈಟಿ ಬಂದು ಅವನ ಭುಜಕ್ಕೆ ನಾಟಿತು. ಹಲ್ಲು ಕಚ್ಚಿ ಕೂತೇ ಇದ್ದ. ಕರಡಿ ಈಟಿಯನ್ನು ಕಿತ್ತು ಮತ್ತೆ ಎತ್ತಿತು. ಎತ್ತಿದ್ದು ಹಾಗೆಯೇ ನಿಂತಿತು. ಬುತ್ರುಸ್ ಮೂರು ವರ್ಷದಲ್ಲಿ ಎಷ್ಟೋ ತೋಳಗಳನ್ನು ನೋಡಿದ್ದ. ಗಾಯಗೊಂಡು ಕಚ್ಚಲು ಬಾರದೆ, ಕಣ್ಣು ತುಂಬಿಕೊಂಡು ತನ್ನ ಮುಖವನ್ನೇ ನೋಡುವ ತೋಳವನ್ನು ಕಂಡಿರಲಿಲ್ಲ.

"ಚುಚ್ಚು! ಚುಚ್ಚು!" ಎಂದು ಗಲ್ಮೂಷ ಅರಚಿದ.

ಬುತ್ರುಸ್ ಈಟಿ ಕೆಳಗಿಟ್ಟ.

ದ್ವೇಷವೇ ಎಣ್ಣೆಯಾಗಿದ್ದ ಆ ದೀಪಕ್ಕೆ ಕೋಣೆಯಲ್ಲಿ ಎಣ್ಣೆಯೇ ಇಲ್ಲದಂತಾಯಿತು. ಬತ್ತಿ ಚಟಚಟ ಎಂದು ಆರಿಹೋಯಿತು. ಗಲ್ಮೂಷನ ಮೇಲೆ ಮುನ್ನೂರು ವರ್ಷ ಒಟ್ಟಿಗೆ ಬಿತ್ತು. ಅವನಿದ್ದ ಜಾಗದಲ್ಲಿ ಒಂದು ಹಿಡಿ ಬೂದಿ ಉಳಿಯಿತು.

ಹೊಗೆ ತಿಳಿಯಾದಾಗ ಬುತ್ರುಸ್ ಕಂಡದ್ದು ನುಸೈರನನ್ನು.

"ನೀನೇನೋ? ಅಯ್ಯೋ, ನಾನು ನಿನಗೆ..."

"ಮಾತು ಆಮೇಲೆ, ಮೊದಲು ಗಾಯ ಕಟ್ಟೋ," ಎಂದ ನುಸೈರ್. ಬುತ್ರುಸ್ ಅಂಗಿ ಹರಿದು ಕಟ್ಟಿದ. ಕಟ್ಟುತ್ತ ಅತ್ತ.

ಎರಡೂ ದಡದಲ್ಲಿ ಬಿಲ್ಲುಗಳು ಕೆಳಗಿಳಿದವು. ಮೂರು ವರ್ಷ ತಾವು ಬೇಟೆಯಾಡಿದ್ದು ಯಾರನ್ನೆಂದು ಜನಕ್ಕೆ ತಿಳಿಯಿತು. ಅಂದು ಎದ್ದ ಅಳು ಏಳು ದಿನ ನಿಲ್ಲಲಿಲ್ಲ. ದೊರೆಯೂ ಸುಲ್ತಾನನೂ ಆ ಅಳುವಿನ ಮುಂದೆ ನಿಲ್ಲಲಾರದೆ, ಒಬ್ಬ ಹಡಗು ಹತ್ತಿ, ಒಬ್ಬ ಒಂಟೆ ಹತ್ತಿ, ಬಂದ ದಾರಿ ಹಿಡಿದರು. ಗೋಪುರದ ಮರಗಳು ಮನುಷ್ಯರಾಗಿ ಮನೆಗೆ ನಡೆದವು.

ನುಸೈರ್ ವರ್ದಾಳ ಹೊಸ್ತಿಲಲ್ಲಿ ನಿಂತ. ಒಳಗೆ ಕಾಲಿಡಲಿಲ್ಲ.

"ಅಮ್ಮ, ನಾನು ನಿನ್ನ ಮೇಲೆ ಬಾಣ ಹೂಡಿದ್ದೆ."

"ಬಿಟ್ಟೆಯಾ?"

"ಇಲ್ಲ. ಆದರೆ ಬೇರೆಯವರ ಮೇಲೆ ಬಿಟ್ಟಿದ್ದೇನಮ್ಮ."

ವರ್ದಾ ಹೊಸ್ತಿಲಿಗೆ ಬಂದಳು. ಅವನ ಕೈ ಹಿಡಿದಳು. "ಬುತ್ರುಸನೂ ಬಿಟ್ಟಿದ್ದಾನೆ. ನಾಳೆಯಿಂದ ಇಬ್ಬರೂ ಸತ್ತವರ ಮನೆಗಳಿಗೆಲ್ಲ ಹೋಗಿ ಬಾಗಿಲು ತಟ್ಟಿ. ಹೊಡೆದರೆ ಹೊಡೆಸಿಕೊಳ್ಳಿ. ಕೆಲಸ ಹೇಳಿದರೆ ಮಾಡಿ. ಇವತ್ತು ಉಣ್ಣು ಬಾ."

ಅವರು ಹಾಗೆಯೇ ಮಾಡಿದರು. ಕೆಲವು ಬಾಗಿಲು ತೆರೆದವು, ಕೆಲವು ತೆರೆಯಲು ವರ್ಷಗಳು ಬೇಕಾದವು. ಸೇತುವೆ ಮತ್ತೆ ಎದ್ದಿತು. ಊರು ಮೊದಲಿನ ಹಾಗೇ ಆಯಿತೆಂದು ಹಳಬರು ಯಾರೂ ಹೇಳುತ್ತಿರಲಿಲ್ಲ. ಆದರೆ ಸೇತುವೆಯ ಮೇಲೆ ಆಡುತ್ತಿದ್ದ ಮಕ್ಕಳಿಗೆ ಅದೇ ಮೊದಲಿನ ಊರು. ಸಾಫಿರಾದ ಜನ ಎರಡೂ ದಡದಲ್ಲಿ ದೀಪ ಹಚ್ಚಿ, ಉಂಡು, ನಕ್ಕು, ನೂರು ಕಾಲ ಸುಖವಾಗಿ ಬಾಳಿದರು. ಕೇಳಿದ ನೀವೂ ಹಾಗೆಯೇ ಬಾಳಿ.