ಕೈಗವಸಿನೊಳಗಿನ ಬೆರಳು

ಅವನು ಅವಳಿಗೆ ಹೇಳಿದ ಮೊದಲ ಮಾತು, "ಮೇಡಂ, ಇದು ಬೀಳುತ್ತೆ."

ಅವಳು ವಯಸ್ಸಾದವರು ಹಿಡಿದು ನಡೆಯಲೆಂದು ಮಡಚುವ ವಾಕರ್ ಒಂದನ್ನು ರೂಪಿಸುತ್ತಿದ್ದಳು. ಮೊದಲೆಲ್ಲ ಆ ಕಂಪನಿಯಲ್ಲಿ ಡಿಸೈನರ್‌ಗಳು ತಿಂಗಳುಗಟ್ಟಲೆ ಬಾಗಿಲು ಹಾಕಿಕೊಂಡು ಕೆಲಸ ಮಾಡಿ, ಎಲ್ಲ ಮುಗಿದ ಮೇಲೆ ಟೆಸ್ಟಿಂಗ್‌ಗೆ ಕಳಿಸುತ್ತಿದ್ದರು. ಅಲ್ಲಿ ತಪ್ಪು ಸಿಕ್ಕರೆ ಮತ್ತೆ ಮೊದಲಿನಿಂದ. ಹೊಸ ಮ್ಯಾನೇಜರ್ ಬಂದು ಅದನ್ನು ನಿಲ್ಲಿಸಿದರು. ಡಿಸೈನರ್, ಟೆಸ್ಟರ್, ತಯಾರಿಕೆಯವರು ಮೊದಲ ದಿನದಿಂದಲೇ ಒಂದೇ ಮೇಜಿಗೆ ಕೂರಬೇಕು. ಬೇಗ ಮಾದರಿ ಮಾಡಿ, ಬೇಗ ಮುರಿದು ನೋಡಬೇಕು. ಹಾಗೆ ಅವಳ ಮೇಜಿಗೆ ಬಂದ ಟೆಸ್ಟರ್ ಅವನು. ಯಾವುದನ್ನು ಕೊಟ್ಟರೂ ಏನಾದರೊಂದು ಹುಡುಕುತ್ತಾನೆಂದು ಆಫೀಸಿನಲ್ಲಿ ಅವನ ಹೆಸರೇ ತಕರಾರು.

"ಎಲ್ಲಿ ಬೀಳುತ್ತೆ?" ಎಂದಳು, ತಲೆ ಎತ್ತದೆ.

ಅವನು ವಾಕರಿನ ಒಂದು ಪಕ್ಕಕ್ಕೆ ಮೆಲ್ಲಗೆ ಭಾರ ಬಿಟ್ಟ. ಬಿತ್ತು. ಅವಳು ತಲೆ ಎತ್ತಿದಳು. ಅವನು ನಗುತ್ತಿರಲಿಲ್ಲ. ಅದೇ ಅವಳಿಗೆ ಹಿಡಿಸಿತು.

ಆಮೇಲೆ ಅವಳು ಬೇಕೆಂದೇ ಒಂದು ಸ್ಕ್ರೂ ಸಡಿಲ ಬಿಟ್ಟು ಮಾದರಿಯನ್ನು ಅವನ ಮುಂದಿಡುತ್ತಿದ್ದಳು. ಅವನು ಕಣ್ಣು ಕಿರಿದು ಮಾಡಿ ನೋಡಿ, ಅದೊಂದನ್ನು ಬಿಟ್ಟು ಉಳಿದೆಲ್ಲದರ ಮೇಲೂ ತಕರಾರು ತೆಗೆದು, ಕೊನೆಗೆ ಆ ಸ್ಕ್ರೂ ಬಿಚ್ಚಿ ಅವಳ ಅಂಗೈಯಲ್ಲಿಟ್ಟು ಹೋಗುತ್ತಿದ್ದ. ಅಂಗೈ ಮುಚ್ಚುವಾಗ ಬೆರಳುಗಳು ಸ್ವಲ್ಪ ಹೆಚ್ಚೇ ಹೊತ್ತು ಅಲ್ಲಿರುತ್ತಿದ್ದವು.

ಅವಳನ್ನು ಬೆಳೆಸಿದ್ದು ದೊಡ್ಡಮ್ಮ. ಮಂಡಿ ಸೋತ ದೊಡ್ಡಮ್ಮ ಅವನನ್ನು ಮನೆಗೆ ಕರೆಸಿ ನೋಡಿದರು. ಹುಡುಗ ಒಳ್ಳೆಯವನು, ನಾಲಿಗೆಗೆ ಸ್ವಲ್ಪ ಬೆಲ್ಲ ಸವರಬೇಕು ಎಂದರು. ವಾಕರ್ ಮಾರುಕಟ್ಟೆಗೆ ಬಂದ ಮೇಲೆ ಮದುವೆ ಎಂದು ಮಾತಾಯಿತು.

ಆ ವಾಕರಿನ ಜೀವವೇ ಮಡಚಲು ಬಿಚ್ಚುವ ಅದರ ಕೊಂಡಿ. ಹೆಬ್ಬೆರಳಿನಿಂದ ಒತ್ತುತ್ತಲೇ ಹಿಡಿಯನ್ನು ತುಸು ಮೇಲೆತ್ತಬೇಕು; ಆಗ ಚಟ್ಟೆಂದು ಬಿಚ್ಚಿಕೊಳ್ಳುತ್ತದೆ. ಅವನ ಹೆಬ್ಬೆರಳ ಮೇಲೆ ತನ್ನ ಹೆಬ್ಬೆರಳಿಟ್ಟು ಅವಳು ಕಲಿಸಿದ್ದಳು. ಅವನಿಗೆ ಬೇಗನೆ ಬಂತು. ಬರಲಿಲ್ಲವೆಂದು ಇನ್ನಷ್ಟು ಹೊತ್ತು ಕಲಿತ.

ಕೊನೆಯ ಪರೀಕ್ಷೆಗೆ ಒಂದು ನಿಯಮವಿತ್ತು. ವಾಕರನ್ನು ಹಿಂದೆಂದೂ ನೋಡಿರದವರು, ಮುದಿ ಬೆರಳಿನ ಬಿಗಿತ ತರುವ ದಪ್ಪ ಕೈಗವಸು ಹಾಕಿಕೊಂಡು ಅದನ್ನು ಬಿಚ್ಚಿ ಮಡಚಬೇಕು. ಟೆಸ್ಟರ್ ಬರೀ ನೋಡಬೇಕು. ಡಿಸೈನರ್ ಆ ಕೋಣೆಗೆ ಕಾಲಿಡುವಂತಿಲ್ಲ. ಇದು ಪಾಸಾದರೆ ತಯಾರಿಕೆಗೆ ಅಚ್ಚು ಕೊರೆಯಲು ಹೋಗುತ್ತದೆ, ಕೊರೆದ ಮೇಲೆ ಕೊಂಡಿ ಬದಲಿಸಲಾಗದು. ಫೇಲಾದರೆ ವಾಕರ್ ಬೇರೆ ತಂಡದ ಪಾಲು.

ಪಾಸಾಯಿತು. ಹೊರಗೆ ಬಂದು ಹೇಳಿದವನು ಅವನೇ. "ಚೆನ್ನಾಗಿದೆ" ಎಂದ. ಅವನ ಬಾಯಲ್ಲಿ ಆ ಮಾತನ್ನು ಅವಳು ಕೇಳಿದ್ದು ಅದೇ ಮೊದಲು. ಸಂಜೆ ಮಾದರಿಯನ್ನು ಮನೆಗೆ ಒಯ್ದಳು.

ದೊಡ್ಡಮ್ಮ ಒತ್ತಿದರು. ಎತ್ತಿದರು. ಮತ್ತೆ ಒತ್ತಿದರು. ಕೊಂಡಿ ಅಲ್ಲಾಡಲಿಲ್ಲ.

"ನೀವಿಬ್ಬರೇ ಇಟ್ಕೊಳ್ಳಿ ಇದನ್ನ," ಎಂದು ನಕ್ಕರು. "ನಿಮ್ಮಿಬ್ರ ಮಾತು ಬಿಟ್ರೆ ಬೇರೆಯವರದ್ದು ಕೇಳಲ್ಲ."

ಮರುದಿನ ಅವಳು ಪರೀಕ್ಷೆಯ ವಿಡಿಯೊ ತರಿಸಿ ನೋಡಿದಳು. ಅದರಲ್ಲಿ ಮುಖ ಸೆರೆಹಿಡಿಯುವುದಿಲ್ಲ, ಕೈಗಳು ಮಾತ್ರ. ಗವಸು ತೊಟ್ಟ ಕೈ ವಾಕರಿನ ಹತ್ತಿರ ಬಂತು. ಎಲ್ಲೂ ತಡಕಾಡಲಿಲ್ಲ. ಹೆಬ್ಬೆರಳು ನೇರ ಕೊಂಡಿಗೆ ಹೋಯಿತು, ಒತ್ತುತ್ತಲೇ ಹಿಡಿ ತುಸು ಮೇಲೆದ್ದಿತು. ಹೊಸಬರ ಕೈಗೆ ಅದು ಗೊತ್ತಿರಲು ಸಾಧ್ಯವಿಲ್ಲ. ಅಷ್ಟು ದಪ್ಪ ಗವಸಿನೊಳಗೂ ಅವನ ಬೆರಳನ್ನು ಗುರುತು ಹಿಡಿದೆನಲ್ಲ ಎಂದು ಅವಳ ಎದೆ ಒಮ್ಮೆ ಅರಳಿತು. ಮರುಕ್ಷಣ ವಿಡಿಯೊ ನಿಲ್ಲಿಸಿ ಅವನನ್ನು ಹುಡುಕಿಕೊಂಡು ಹೋದಳು.

ಟೆಸ್ಟಿಂಗ್ ಕೋಣೆಯಲ್ಲಿ ಅವನು ಒಬ್ಬನೇ ಇದ್ದ. ಅವಳು ಕೇಳಿದಾಗ ಅಲ್ಲವೆನ್ನಲಿಲ್ಲ. ಬಂದವರಲ್ಲಿ ಯಾರಿಂದಲೂ ಬಿಚ್ಚಲಾಗಲಿಲ್ಲವಂತೆ. ಅವಳ ಕೆಲಸ ಇನ್ನೊಬ್ಬರ ಪಾಲಾಗುವುದನ್ನು ನೋಡಲಾರದೆ, ಅವರ ವಿಡಿಯೊಗಳನ್ನು ಅಳಿಸಿ ತಾನೇ ಗವಸು ಹಾಕಿಕೊಂಡನಂತೆ.

"ನಂಗ್ಯಾಕೆ ಹೇಳ್ಲಿಲ್ಲ?"

"ನಿನ್ನ ಮುಖ ನೋಡೋಕಾಗ್ತಿರ್ಲಿಲ್ಲ."

"ಮೊದಲನೇ ದಿನ ನೋಡಿದ್ಯಲ್ಲ."

"ಆಗ ನೀನು ನನಗೆ ಯಾರೂ ಆಗಿರ್ಲಿಲ್ಲ."

ಅವಳು ಅಲ್ಲಿಂದ ನೇರ ಮ್ಯಾನೇಜರ್ ಬಳಿಗೆ ಹೋದಳು. ಅವನೂ ಹಿಂದೆಯೇ ಬಂದು, ಅವಳು ಬಾಯಿ ತೆರೆಯುವ ಮೊದಲೇ ಎಲ್ಲವನ್ನೂ ತಾನೇ ಹೇಳಿದ. ಅಚ್ಚು ನಿಂತಿತು. ವಾಕರ್ ಬೇರೆ ತಂಡಕ್ಕೆ ಹೋಯಿತು. ಅವನ ಕೆಲಸ ಹೋಯಿತು.

ಅವನು ನಿನಗೋಸ್ಕರ ತಾನೇ ಮಾಡಿದ್ದು, ಹೋಗಲಿ ಬಿಡು ಎಂದು ದೊಡ್ಡಮ್ಮ ದಿನವೂ ಹೇಳಿದರು. ಒಂದು ದಿನ ಅವಳು ತಟ್ಟೆ ಸರಿಸಿ ಹೇಳಿದಳು: "ಮೆಟ್ಟಿಲ ಹತ್ರ ಮಡಚೋಕೆ ಹೋಗಿ, ಅದು ಬಿಚ್ಚದೆ ಯಾರಾದ್ರೂ ಬಿದ್ದಿದ್ರೆ, ಅದೂ ನನಗೋಸ್ಕರವೇ ಆಗ್ತಿತ್ತು ದೊಡ್ಡಮ್ಮ."

ಲೆಕ್ಕ ಚುಕ್ತಾ ಮಾಡಿಸಿಕೊಳ್ಳಲು ಬಂದ ದಿನ ಅವನು ಗೇಟಿನಾಚೆ ಬಸ್ ನಿಲ್ದಾಣದಲ್ಲಿ ಅವಳಿಗಾಗಿ ಕಾದ. ಸೊರಗಿಹೋಗಿದ್ದ. ಅಂಗಿಯ ಕಾಲರ್ ಒಂದು ಕಡೆ ಮಡಚಿಕೊಂಡಿತ್ತು. ಅವಳ ಕೈ ತಾನಾಗಿ ಮೇಲೆದ್ದು, ಬ್ಯಾಗಿನ ಪಟ್ಟಿ ಹಿಡಿದು ನಿಂತಿತು. ಅವನಿಗೆ ಅದು ಕಾಣದಿರಲಿಲ್ಲ.

ಬೇರೆ ಕೆಲಸ ಸಿಗುತ್ತದೆ, ಮದುವೆಯಾಗೋಣ ಎಂದ. ಇನ್ನು ಮುಂದೆ ಏನಿದ್ದರೂ ಮುಖದ ಮೇಲೇ ಹೇಳುತ್ತೇನೆ ಎಂದ.

"ಬೇರೆ ಏನಾದ್ರೂ ಮುಚ್ಚಿಟ್ಟಿದ್ಯಾ?"

"ಇಲ್ಲ."

ಅದು ನಿಜವೇ ಇರಬಹುದು. ನಿಜವೋ ಅಲ್ಲವೋ ಎಂದು ಅನುಮಾನ ಬಂದಾಗಲೆಲ್ಲ ಅವಳು ಕೇಳುತ್ತಿದ್ದುದು ಅವನನ್ನೇ.

"ಪ್ರೀತಿ ಹೋಗಿಲ್ಲ," ಎಂದಳು. "ಸುಳ್ಳು ಹೇಳಲ್ಲ, ಇದೆ. ಆದ್ರೆ ನಾಳೆ ನೀನು ಚೆನ್ನಾಗಿದೆ ಅಂದ್ರೆ, ನಾನು ಯಾರನ್ನ ಕೇಳ್ಲಿ?"

ಅವನು ಮಡಚಿಕೊಂಡಿದ್ದ ಕಾಲರನ್ನು ತಾನೇ ಸರಿಮಾಡಿಕೊಂಡ.

ಬಸ್ಸು ಬಂತು. ಅವನು ಹತ್ತಲಿಲ್ಲ. ಮುಂದಿನ ಬಸ್ಸನ್ನು ಅವಳೇ ಕೈ ಅಡ್ಡ ಹಿಡಿದು ಅವನಿಗಾಗಿ ನಿಲ್ಲಿಸಿದಳು.