ಪಕ್ಕದ ಸೀಟಿನ ಭಾರ

"ಮೇಡಂ, ನಿಮ್ಮ ತೂಕ ಎಷ್ಟು?"

ಸಾರಕ್ಕಿ ಕೆರೆಯ ಹಿಂದಿನ ರಸ್ತೆಯ ಗ್ಯಾರೇಜಿನಲ್ಲಿ ಸಿದ್ದರಾಜು ಅವಳನ್ನು ಕೇಳಿದ ಮೊದಲ ಪ್ರಶ್ನೆಯೇ ಇದು. ಇನ್ನೂ ಹೆಸರು ಕೇಳಿರಲಿಲ್ಲ, ಫೋನ್ ನಂಬರ್ ಕೇಳಿರಲಿಲ್ಲ. ಶಿಲ್ಪಶ್ರೀ ಹೆಗಲಿನ ಬ್ಯಾಗು ಸರಿಮಾಡಿಕೊಂಡು ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು.

"ಏನಂದ್ರಿ?"

"ತೂಕ. ಕೇಜಿ ಲೆಕ್ಕದಲ್ಲಿ."

"ನಾನು ಕಾರು ತೋರಿಸೋಕೆ ಬಂದಿರೋದು ರೀ. ಜಿಮ್ಮಿಗೆ ಸೇರೋಕಲ್ಲ."

ಒಳಗೆ ವೆಲ್ಡಿಂಗ್ ಮಾಡುತ್ತಿದ್ದ ಕಿಟ್ಟಿ ಮುಖದ ಮುಂದಿನ ಕಪ್ಪು ಗಾಜು ಎತ್ತಿ ನಕ್ಕ. ಕಿಟ್ಟಿ ಗ್ಯಾರೇಜಿನ ಪಾಲುದಾರ, ಸಿದ್ದರಾಜುವಿನ ಸೋದರಮಾವನ ಮಗ, ಎರಡು ಮಕ್ಕಳ ತಂದೆ.

"ಅಕ್ಕಾ, ತಪ್ಪು ತಿಳ್ಕೋಬೇಡಿ. ಇವನು ಹೆಂಗಸರನ್ನ ಮಾತಾಡ್ಸೋದೇ ಅಪರೂಪ. ಮಾತಾಡ್ಸಿದ್ರೆ ಹಿಂಗೇ."

ಸಿದ್ದರಾಜು ಕಿವಿ ಕೆಂಪು ಮಾಡಿಕೊಂಡು ವಿವರಿಸಿದ. ಹಿಂದಿನ ಸಸ್ಪೆನ್ಷನ್ನಿನ ಬೋಲ್ಟುಗಳನ್ನು ಖಾಲಿ ಗಾಡಿಯಲ್ಲಿ ಟೈಟ್ ಮಾಡಬಾರದಂತೆ. ಓಡಿಸುವವರು ಎಷ್ಟು ಭಾರವೋ ಅಷ್ಟು ಮರಳು ಚೀಲ ಸೀಟಿನ ಮೇಲಿಟ್ಟು, ಗಾಡಿ ತಗ್ಗಿದ ಮೇಲೆ ಟೈಟ್ ಮಾಡಬೇಕಂತೆ. ಇಲ್ಲದಿದ್ದರೆ ಕೂತ ಕೂಡಲೇ ಎಲ್ಲ ಸೊಟ್ಟ.

ಅವಳು ಒಂದು ಕ್ಷಣ ಯೋಚಿಸಿದಳು. ಪದ್ಮನಾಭನಗರದ ಟ್ಯೂಷನ್ ಸೆಂಟರಿನಲ್ಲಿ ಫಿಸಿಕ್ಸ್ ಹೇಳಿಕೊಡುವವಳು, ಲಾಜಿಕ್ ಸರಿಯಿದೆ ಅನ್ನಿಸಿತು.

"ಅರವತ್ತೆರಡು," ಅಂದಳು. ಆಮೇಲೆ ಮೆಲ್ಲಗೆ, "ಬರ್ಕೋಬೇಡಿ ಮತ್ತೆ."

ಕಾರು ಹಳೆಯದು. ಇಂಗ್ಲೆಂಡಿನದು, ತಲೆಯ ಮೇಲೆ ಟಾಪಿಲ್ಲ, ಎರಡೇ ಸೀಟು, ಬಣ್ಣ ಹಲಸಿನ ತೊಳೆಯದು. ಜಯನಗರದ ಚಕ್ರಪಾಣಿ ಅಂತ ಒಬ್ಬ ಮುದುಕರು ವರ್ಷಾನುಗಟ್ಟಲೆ ಶೆಡ್ಡಿನಲ್ಲಿಟ್ಟಿದ್ದನ್ನು ಕಾಡಿ ಬೇಡಿ ಕೊಂಡಿದ್ದಳು. ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಅವಳ ಅಪ್ಪ ಗುರುಶಾಂತಪ್ಪನವರು ಅದನ್ನು ನೋಡಿ ಹೇಳಿದ್ದು ಒಂದೇ ಮಾತು: "ಮಳೆ ಬಂದ್ರೆ ಬಕೆಟ್ ಆಗುತ್ತೆ."

ಭಾನುವಾರಗಳಲ್ಲಿ ಊರ ಹೊರಗಿನ ಮೈದಾನದಲ್ಲಿ ಕಾರಿನ ರೇಸು ನಡೆಯುತ್ತಿತ್ತು. ಅಲ್ಲಿ ಒಂದು ತಿರುವಿನಲ್ಲಿ ಅವಳು ಆ್ಯಕ್ಸಿಲರೇಟರಿನಿಂದ ಕಾಲು ತೆಗೆದಿದ್ದೇ ತಡ, ಹಿಂಬದಿ ಎದ್ದು ನಿಂತು, ಕಾರು ಬುಗುರಿ ತಿರುಗಿದ ಹಾಗೆ ತಿರುಗಿ ಟೈರ್ ರಾಶಿಗೆ ಹೋಗಿ ಹೊಡೆದಿತ್ತು. ಅವಳಿಗೇನೂ ಆಗಿರಲಿಲ್ಲ. ಆದರೆ ಬರುವ ತಿಂಗಳಿಂದ ಕೊಯಮತ್ತೂರಿನ ಟ್ರ್ಯಾಕೊಂದರಲ್ಲಿ ಡ್ರೈವಿಂಗ್ ಹೇಳಿಕೊಡುವ ಕೆಲಸ ಅವಳಿಗೆ ಸಿಕ್ಕಿತ್ತು. ಸ್ವಂತ ಕಾರೇ ಗಿರಕಿ ಹೊಡೆದರೆ ಶಿಷ್ಯರ ಮುಂದೆ ಏನು ಮರ್ಯಾದೆ?

"ಹೋಗೋಷ್ಟರಲ್ಲಿ ಆಗುತ್ತಾ?" ಅಂತ ಕೇಳಿದಳು.

"ಆಗುತ್ತೆ," ಅಂದ ಸಿದ್ದರಾಜು. ಆಗ ಅವನಿಗೆ ಅದರಿಂದ ನಷ್ಟವೇನೂ ಇರಲಿಲ್ಲ.

ಅವಳು ದಿನಾ ಸಂಜೆ ಬರತೊಡಗಿದಳು. ಟ್ಯೂಷನ್ ಮುಗಿಸಿ, ಬೇಕರಿಯಿಂದ ಖಾರ ಬನ್ ಹಿಡಿದುಕೊಂಡು. ಮಗುಚಿ ಹಾಕಿದ ಟೈರಿನ ಮೇಲೆ ಕೂತು ಪ್ರಶ್ನೆ ಕೇಳುವುದು. ಅವನು ಕೆಲಸ ಮಾಡುತ್ತಲೇ ಉತ್ತರ ಹೇಳುವುದು.

"ಒಂದೇ ಪಟ್ಟಾ ನೋಡಿ," ಅಂತ ಅವನು ತೋರಿಸಿದ. ಲಾರಿಗಿರುವ ಹಾಗೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು. ಈ ಕಡೆ ಚಕ್ರದಿಂದ ಆ ಕಡೆ ಚಕ್ರದವರೆಗೆ ಅಡ್ಡಡ್ಡ ಮಲಗಿದ್ದವು. "ಮಧ್ಯದಲ್ಲಿ ಬಿಗಿಯಾಗಿ ಕಟ್ಟಿಹಾಕಿದಾರೆ. ತಿರುವಲ್ಲಿ ಗಾಡಿ ವಾಲಿದ್ರೆ ಇದು ಹಟ ಹಿಡಿದು ಹಿಂಬದಿನ ಮೇಲಕ್ಕೆ ನೂಕುತ್ತೆ. ಆಗ ಚಕ್ರ ಎರಡೂ ಕುಕ್ಕರಗಾಲು ಹಾಕ್ಬಿಡ್ತವೆ. ನೆಲದ ಮೇಲೆ ಹಿಡಿತ ಎಲ್ಲಿಂದ ಬರ್ಬೇಕು?"

"ಮತ್ತೆ ಏನ್ಮಾಡ್ತೀರಿ?"

"ಮಧ್ಯದಲ್ಲಿ ಸ್ವಲ್ಪ ಸಡಿಲ ಬಿಡ್ತೀನಿ. ತೂಗುಯ್ಯಾಲೆ ಥರ ಆಡ್ಲಿ. ಕೆಳಗಿನ ಒಂದು ಪಟ್ಟಿ ಮಾತ್ರ ಕಚ್ಕೊಂಡಿರುತ್ತೆ."

"ಒಂದೇ ಒಂದು ಹಿಡ್ಕೊಂಡಿದ್ರೆ ಸಾಕಾ?"

"ಸರಿಯಾಗಿ ಹಿಡ್ಕೊಂಡಿದ್ರೆ ಸಾಕು."

ಅಂದವನು ಯಾಕೋ ತಲೆ ಎತ್ತಿ ನೋಡಿದ. ಅವಳೂ ನೋಡುತ್ತಿದ್ದಳು. ಕಿಟ್ಟಿ ಅಷ್ಟು ಹೊತ್ತಿಗೆ ಸರಿಯಾಗಿ ಗ್ರೈಂಡರ್ ಆನ್ ಮಾಡಿದ.

ಇನ್ನೊಂದು ಸಂಜೆ ಅವಳು ಗೋಡೆಗೊರಗಿ ಫೋನಿನಲ್ಲಿ ಮಾತಾಡುತ್ತಿದ್ದಳು. ಮುಗಿಸಿ ತಿರುಗಿದರೆ ಇವನು ಕೈಯಲ್ಲಿ ಸ್ಪ್ಯಾನರ್ ಹಿಡಿದು ಸುಮ್ಮನೆ ನಿಂತಿದ್ದ.

"ಏನ್ ನೋಡ್ತಿದೀರಾ?"

"ನೀವು ನಿಂತ್ಕೊಂಡಾಗ ಭಾರ ಎಲ್ಲಾ ಎಡಗಾಲಿಗೆ ಹಾಕ್ತೀರಿ."

"ಓಹೋ! ಅದನ್ನೂ ಅಲೈನ್‌ಮೆಂಟ್ ಮಾಡ್ತೀರಾ?"

"ಇಲ್ಲ ಮೇಡಂ. ಅದು ಸರಿಯಾಗೇ ಇದೆ."

 ಬ್ಯಾಗಿನ ಜಿಪ್ ಎಳೆದಳು, ಮತ್ತೆ ತೆರೆದಳು, ಮತ್ತೆ ಎಳೆದಳು. ಹೋಗುವಾಗ ಮಾತ್ರ, ಗೇಟಿನ ಹತ್ತಿರ, ಒಂದು ಕ್ಷಣ ಬೇಕಂತಲೇ ಬಲಗಾಲಿನ ಮೇಲೆ ನಿಂತು ತಿರುಗಿ ನೋಡಿ ಹೋದಳು.

ಸಿದ್ದರಾಜುವಿನ ತೊಂದರೆ ಇಷ್ಟೇ. ಕೆಲಸ ಚೆನ್ನಾಗಿ ನಡೆಯುತ್ತಿತ್ತು. ಚೆನ್ನಾಗಿ ನಡೆದಷ್ಟೂ ಬೇಗ ಮುಗಿಯುತ್ತಿತ್ತು. ಮುಗಿದ ದಿನ ಅವಳು ಆ ಕಾರನ್ನೇ ಹತ್ತಿ ಹೊಸೂರು ದಾಟಿ ಹೋಗಿಬಿಡುತ್ತಾಳೆ. ಹೇಳುವುದಿದ್ದರೆ ಅದಕ್ಕೆ ಮುಂಚೆ ಹೇಳಬೇಕು. ಮೂವತ್ತಾರು ವರ್ಷದ ಗಂಡಸು ಬನ್ ತಿನ್ನುತ್ತಾ ಎಷ್ಟು ಸಂಜೆ ಬಾಯಿ ತೆರೆದು ಮುಚ್ಚಬಹುದೋ ಅಷ್ಟನ್ನೂ ಮಾಡಿದ್ದ.

ಪಟ್ಟಾ ಕೂರಿಸುವ ದಿನ ಬಂತು. ನಾಲ್ಕು ಚಕ್ರವನ್ನೂ ಮರದ ದಿಮ್ಮಿಗಳ ಮೇಲೆ ನಿಲ್ಲಿಸಿ, ಡ್ರೈವರ್ ಸೀಟಿನಲ್ಲಿ ಮರಳು ಚೀಲ ಇಟ್ಟಾಯಿತು. ಟೈಟ್ ಮಾಡುವ ಕೆಲಸವನ್ನು ಸಿದ್ದರಾಜು ಯಾವತ್ತೂ ಬೇರೆಯವರಿಗೆ ಬಿಡುವವನಲ್ಲ. ಅವತ್ತು ಸ್ಪ್ಯಾನರನ್ನು ಕಿಟ್ಟಿಯ ಕೈಗೆ ಕೊಟ್ಟು, ತಾನು ಹೋಗಿ ಪಕ್ಕದ ಸೀಟಿನಲ್ಲಿ ಕೂತ.

"ಏನ್ ಗುರೂ, ಯಾವ್ ಕಡೆ ಟ್ರಿಪ್ಪು?"

"ಟೈಟ್ ಮಾಡೋ ಸುಮ್ನೆ."

"ಅಲ್ವೋ, ಅವರು ಒಬ್ರೇ ತಾನೆ ಓಡಿಸೋದು? ಆ ಕಡೆ ಭಾರ ಯಾಕೆ?"

ಸಿದ್ದರಾಜು ಮುಂದಿನ ಗಾಜಿನಾಚೆ ನೋಡುತ್ತಾ ಕೂತಿದ್ದ. ಆಚೆ ಇದ್ದದ್ದು ಗ್ಯಾರೇಜಿನ ಶಟರು. ಅವನ ಪಕ್ಕದ ಮರಳು ಚೀಲಕ್ಕೆ ಸರಿಯಾಗಿ ಅರವತ್ತೆರಡು ಕೇಜಿ. ಕಿಟ್ಟಿ ಒಂದು ಸಲ ಚೀಲ ನೋಡಿದ, ಒಂದು ಸಲ ಇವನ ಮುಖ ನೋಡಿದ, ಆಮೇಲೆ ಸ್ಪ್ಯಾನರ್ ಹಿಡಿದು ಕಾರಿನ ಕೆಳಗೆ ಹೋದ.

ಮರುದಿನ ಬೆಳಿಗ್ಗೆ ಶಿಲ್ಪಶ್ರೀ ಟೆಸ್ಟ್ ಡ್ರೈವಿಗೆ ಹೋದಳು. ಜೆ.ಪಿ. ನಗರದ ಫೇಸುಗಳೆಲ್ಲ ಸುತ್ತಿ ವಾಪಸ್ ಬಂದು ಎಂಜಿನ್ ಆಫ್ ಮಾಡದೆ ಹಾರ್ನ್ ಹೊಡೆದಳು.

"ತಿರುವಲ್ಲಿ ಹಿಂಬದಿ ಎದ್ದೇಳ್ತಿಲ್ಲ. ಸಖತ್ತಾಗಿದೆ. ಆದ್ರೆ ನನ್ನ ಕಡೆಗೆ ವಾಲ್ತಾ ಇದೆ. ಎಡಕ್ಕೆ ತಿರುಗಿದ್ರೆ ಒಂಥರಾ, ಬಲಕ್ಕೆ ಇನ್ನೊಂಥರಾ."

ಡ್ಯಾಶ್‌ಬೋರ್ಡಿನ ಮೇಲೆ ಪೆನ್ನು ಇಟ್ಟು ತೋರಿಸಿದಳು. ಪೆನ್ನು ಅವಳ ಕಡೆಗೆ ಉರುಳಿ ಮಡಿಲಿಗೆ ಬಿತ್ತು.

"ಒಬ್ಬರೇ ಇದ್ರೆ ಹಾಗೇ ವಾಲುತ್ತೆ," ಅಂದ ಸಿದ್ದರಾಜು.

"ಒಬ್ಬಳೇ ತಾನೆ ನಾನಿರೋದು?"

 ಕೈಯಲ್ಲಿದ್ದ ಬಟ್ಟೆಯಿಂದ ಆಗಲೇ ಒರೆಸಿದ್ದ ಕೈಯನ್ನೇ ಮತ್ತೆ ಒರೆಸಿದ. ಅವಳು ಅವನನ್ನು ನೋಡಿದಳು. ಖಾಲಿ ಪಕ್ಕದ ಸೀಟು ನೋಡಿದಳು. ಮತ್ತೆ ಅವನನ್ನು ನೋಡಿದಳು. ಮಕ್ಕಳ ಉತ್ತರ ಪತ್ರಿಕೆಯಲ್ಲಿ ತಪ್ಪು ಎಲ್ಲಿ ಶುರುವಾಯಿತು ಅಂತ ಹುಡುಕುವವರ ನೋಟ ಅದು.

"ಹತ್ತಿ," ಅಂದಳು.

"ಯಾಕೆ ಮೇಡಂ?"

"ಹತ್ತಿ ರೀ."

ಅವನು ಹತ್ತಿ ಕೂತ. ಕಾರು ಎಡಕ್ಕೆ ಒಂಚೂರು ತಗ್ಗಿ ಸಮನಾಯಿತು. ಅವಳು ಪೆನ್ನು ಮತ್ತೆ ಇಟ್ಟಳು. ಪೆನ್ನು ಇಟ್ಟಲ್ಲೇ ನಿಂತಿತು, ಅಂಟಿಸಿದ ಹಾಗೆ.

ಇಬ್ಬರೂ ಆ ಪೆನ್ನನ್ನೇ ನೋಡುತ್ತಾ ಕೂತರು.

"ಟೈಟ್ ಮಾಡ್ಬೇಕಾದ್ರೆ ಈ ಸೀಟಲ್ಲಿ ಯಾರು ಕೂತಿದ್ರು?"

"...ನಾನು."

ಒಳಗೆ ಕಿಟ್ಟಿ ಇದ್ದಕ್ಕಿದ್ದ ಹಾಗೆ ಟೂಲ್ ಬಾಕ್ಸ್ ಜೋಡಿಸತೊಡಗಿದ.

ಅವಳ ಮುಖ ಓದುವುದು ಕಷ್ಟವಿತ್ತು. ಸ್ಟೀರಿಂಗ್ ಮೇಲಿನ ಬೆರಳು ಒಂದೊಂದಾಗಿ ಎತ್ತಿ ಇಳಿಸಿದಳು. ಆಮೇಲೆ ಎಂಜಿನ್ ಆಫ್ ಮಾಡಿದಳು.

"ಬಿಚ್ಚಿ," ಅಂದಳು. "ಪೂರ್ತಿ ಬಿಚ್ಚಿ. ನನ್ನೊಬ್ಬಳ ಭಾರಕ್ಕೆ ಸೆಟ್ ಮಾಡಿ."

"ಆಯ್ತು ಮೇಡಂ," ಅಂದ ಸಿದ್ದರಾಜು. ಹೇಳಬೇಕಾದದ್ದನ್ನು ಕಾರು ಹೇಳಿತು, ಉತ್ತರವೂ ಬಂತು, ಮುಗಿಯಿತು ಅಂದುಕೊಂಡ. ಇಳಿದು ಹೋಗಿ ಜ್ಯಾಕ್ ತಂದ. ಪಟ್ಟಾದ ಕೆಳಗೆ ಅವಳ ಕಡೆಗೆ ಒಂದು ತೆಳು ತಗಡು ಕೊಟ್ಟು ಎತ್ತರ ಮಾಡಿದ. ಕಾರನ್ನು ಮತ್ತೆ ದಿಮ್ಮಿಗಳ ಮೇಲೆ ಇಳಿಸಿದ. ಕಿಟ್ಟಿ ಮರಳು ಚೀಲ ಹೊತ್ತು ತಂದ.

"ಅದು ಬೇಡ," ಅಂದಳು ಶಿಲ್ಪಶ್ರೀ. "ನಾನೇ ಕೂರ್ತೀನಿ."

ಕೂತಳು. ಸಿದ್ದರಾಜು ಗೋಣಿ ಹಾಸಿ ಕಾರಿನ ಕೆಳಗೆ ಜಾರಿದ. ಹೊರಗೆ ಅವನ ಚಪ್ಪಲಿಯಿಲ್ಲದ ಕಾಲೆರಡು ಮಾತ್ರ ಉಳಿದವು. ಅವಳು ಬಾಗಿಲಿನ ಮೇಲಿಂದ ಬಗ್ಗಿ ಆ ಕಾಲನ್ನು ನೋಡಿದಳು.

"ಅಲ್ಲಾಡಬೇಡಿ ಮೇಡಂ. ಭಾರ ಬದಲಾಗುತ್ತೆ."

"ಎಷ್ಟು ಹೊತ್ತು?"

"ನಾನು ಹೇಳೋವರೆಗೂ."

ಸ್ಪ್ಯಾನರಿನ ಸದ್ದು ಒಂದೆರಡು ಸಲ ಕೇಳಿ ನಿಂತಿತು. ಎದುರಿಗೆ ಅವಳ ಮುಖ ಇರಲಿಲ್ಲ. ಅವಳು ಎದ್ದು ಹೋಗುವ ಹಾಗೂ ಇರಲಿಲ್ಲ. ಅವನ ಕಣ್ಣ ಮುಂದೆ ಇದ್ದದ್ದು ಉಕ್ಕು, ಗ್ರೀಸು. ಅಷ್ಟು ಸಾಕಾಯಿತು ಅಂತ ಕಾಣುತ್ತದೆ.

"ತಪ್ಪಿ ಕೂತಿದ್ದಲ್ಲ ನಾನು," ಅಂದ ಕೆಳಗಿನಿಂದ. "ಗೊತ್ತಿದ್ದೇ ಕೂತಿದ್ದು. ಇನ್ನೊಬ್ಬರ ಗಾಡಿಲಿ ಹಾಗೆ ಮಾಡ್ಬಾರ್ದಿತ್ತು. ನೀವು ಹೊರಟೋಗ್ತೀರಿ, ಒಂದು ಸಲ ಕೂತು ನೋಡೋಣ ಅನ್ನಿಸ್ತು. ನೀವು ಬರದೆ ಇರೋ ಸಂಜೆ ಈ ಗ್ಯಾರೇಜ್ ಹೆಂಗಿರುತ್ತೆ ಅಂತ ನಂಗೆ ಯೋಚ್ನೆ ಮಾಡೋಕೂ ಆಗ್ತಿಲ್ಲ. ನೀವಂದ್ರೆ ನಂಗೆ ಇಷ್ಟ. ಅಷ್ಟೇ."

ಸ್ಪ್ಯಾನರ್ ಅರ್ಧ ಸುತ್ತು ತಿರುಗಿತು. ಅವನೇ ಮುಂದುವರಿಸಿದ.

"ನಾವು ಸಾರಕ್ಕಿ ಹಳೇ ಊರಿನೋರು. ನಮ್ಮನೇಲಿ ಬುದ್ಧನ ಫೋಟೋ, ನಿಮ್ಮನೇಲಿ ಲಿಂಗಪೂಜೆ. ನಿಮ್ಮಪ್ಪ ಏನಂತಾರೋ..."

"ಅದು ಅಪ್ಪನ ಹತ್ರ ಮಾತಾಡೋ ವಿಷ್ಯ. ನಮ್ಮಪ್ಪ ಕೂಗಾಡ್ತಾರೆ, ಊಟ ಬಿಡ್ತಾರೆ, ಸಂಜೆ ಮಸಾಲೆ ದೋಸೆ ತಿಂತಾರೆ. ನಾನು ನೋಡ್ಕೋತೀನಿ." ಅವಳ ದನಿ ನೇರ ಮುಂದಕ್ಕೆ ಹೋಗುತ್ತಿತ್ತು, ಅಲ್ಲಾಡಬಾರದಲ್ಲ. "ಈಗ ನಂದು ಕೇಳಿ. ಈ ಕಾರು ನನ್ನದು. ನಾನು ಒಬ್ಬಳೇ ಓಡಿಸಿದಾಗ ಅದು ನೆಟ್ಟಗೆ ಹೋಗ್ಬೇಕು. ಪಕ್ಕದಲ್ಲಿ ಯಾರೋ ಇದ್ರೆ ಮಾತ್ರ ನೆಟ್ಟಗಿರೋ ಗಾಡಿ ನಂಗೆ ಬೇಡ. ಕೊಯಮತ್ತೂರಿಗೂ ಒಬ್ಬಳೇ ಹೋಗ್ತೀನಿ. ಗೊತ್ತಾಯ್ತಾ?"

"ಗೊತ್ತಾಯ್ತು ಮೇಡಂ."

"ಏನ್ ಗೊತ್ತಾಯ್ತು? ನಾನು ಬೇಡ ಅಂದಿದ್ದು ಸೆಟ್ಟಿಂಗು ಮಾತ್ರ."

ಗೋಣಿಯ ಮೇಲಿನ ಕಾಲ್ಬೆರಳು ಅಲ್ಲಾಡದೆ ನಿಂತವು. ಕಿಟ್ಟಿಯೂ ಅಲ್ಲಾಡಲಿಲ್ಲ.

"ಇಲ್ಲಿಂದ ಕೊಯಮತ್ತೂರಿಗೆ ಶನಿವಾರ ಸಂಜೆ ಟ್ರೈನ್ ಇದೆಯಂತೆ," ಅಂದಳು. "ಅಲ್ಲಿ ಒಳ್ಳೇ ಮೆಕ್ಯಾನಿಕ್ ಸಿಗಲ್ಲ ಅಂತ ಎಲ್ಲರೂ ಹೇಳ್ತಾರೆ. ಎಲ್ಲರೂ ಅಂದ್ರೆ ನಾನು." ಸ್ವಲ್ಪ ತಡೆದು, "ಬಿಗಿ ಆಯ್ತಾ?"

ಸ್ಪ್ಯಾನರ್ ಕೊನೆಯ ಸಲ ಕಿರುಗುಟ್ಟಿತು.

"ಆಯ್ತು."

"ಹಾಗಾದ್ರೆ ಈಚೆ ಬಾ."

ಬನ್ನಿ ಅನ್ನಲಿಲ್ಲ. ಬಾ ಅಂದಳು.

ಸಿದ್ದರಾಜು ಅಲ್ಲೇ ಮಲಗಿದ್ದ. ಟೈಟ್ ಮಾಡಲು ಇನ್ನೇನೂ ಉಳಿದಿರಲಿಲ್ಲ. ಆದರೂ ಆ ಬೋಲ್ಟಿನ ಮೇಲೆ ಕೈಯಿಟ್ಟುಕೊಂಡು, ಕತ್ತಲಲ್ಲಿ, ಹಲ್ಲು ಕಾಣುವಷ್ಟು ನಗುತ್ತಿದ್ದ.

"ಲೋ, ಕರೀತಿದಾರೆ, ಹೋಗೋ!" ಅಂತ ಕಿಟ್ಟಿ ಅವನ ಎರಡೂ ಕಾಲು ಹಿಡಿದು, ಗೋಣಿಯ ಸಮೇತ, ಬೆಳಕಿಗೆ ಎಳೆದು ಹಾಕಿದ.